ಹೀರೇಮಿಡಿ ಉದುರುವುದು ನಿಂತದ್ದು ಹೀಗೆ

ಮೈಸೂರಿನ ಕುವೆಂಪುನಗರದ ನಮ್ಮ ತಾರಸಿಯಲ್ಲಿ ಹೀರೇಬಳ್ಳಿ ಚಪ್ಪರದ ತುಂಬಾ ಹಬ್ಬಿತ್ತು. ಮಿಡಿಗಳು ಮಾತ್ರ ಕಿರುಬೆರಳುದ್ದವಾಗುವ ಮೊದಲೇ ಹಳದಿಯಾಗಿ ಉದುರುತ್ತಿದ್ದವು. ಗೊಬ್ಬರ ಹಾಕು, ಬೇವಿನೆಣ್ಣೆ ಸಿಂಪಡಿಸು ಎಂಬ ಸಲಹೆಗಳಿಗೆ ಬರವಿರಲಿಲ್ಲ. ಆದರೆ ಎಲೆಗಳು ಹಚ್ಚಗಿದ್ದವು, ಮಿಡಿಯನ್ನು ಸೀಳಿದರೆ ಹುಳುವೂ ಇರಲಿಲ್ಲ. ಕೊರತೆಯಿದ್ದದ್ದು ಪರಾಗಸ್ಪರ್ಶದ್ದು. ಹೀರೆಯ ಹೂವು ಅರಳುವುದು ಸಂಜೆ. ಮೂರನೆಯ ಮಹಡಿಗೆ ಆ ಹೊತ್ತಿನಲ್ಲಿ ಜೇನು ಎಲ್ಲಿಂದ ಬರಬೇಕು?

ಈಗ ದೀಪ ಹಚ್ಚುವ ವೇಳೆಗೆ, ಗೊಂಚಲಿನಲ್ಲಿ ಬಿಡುವ ಗಂಡುಹೂವೊಂದನ್ನು ಕಿತ್ತು, ಎಸಳು ಬಿಡಿಸಿ, ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣುಹೂವಿನ ನಡುವಿನ ಅಂಟಂಟಾದ ಭಾಗಕ್ಕೆ ಹಳದಿ ಪುಡಿ ಮೆತ್ತುವಂತೆ ಸವರುತ್ತೇನೆ. ಕಾಯಿ ನಿಲ್ಲುತ್ತಿದೆ. ಎಳೆಯದಿರುವಾಗಲೇ ಕೊಯ್ಯಬೇಕು, ಬಲಿತರೆ ಬರೀ ನಾರು. ತಿರುಳು ತೊವ್ವೆಗೆ, ಸಿಪ್ಪೆ ಚಟ್ನಿಗೆ. ನನ್ನನ್ನು ಕೇಳಿದರೆ ಚಟ್ನಿಯೇ ಮೇಲು.