ಉಪಗ್ರಹದಿಂದ ಮಲ್ಪೆ ಕಡಲಿನ ಬಿಸಿ-ತಂಪು ನೋಡಿದ್ದು: ನನ್ನ ಅನುಭವ

ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ತಳದ ತಣ್ಣೀರು ಮೇಲೇರುತ್ತದೆ. ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ಸರಿಸುತ್ತದೆ, ಆ ಜಾಗಕ್ಕೆ ಕೆಳಗಿನದು ಬರುತ್ತದೆ. ಬೂತಾಯಿ, ಬಂಗುಡೆಗೆ ಮೇವು ಸಿಗುವುದೇ ಇದರಿಂದ. ಈ ತಣ್ಣೀರಿನ ಪಟ್ಟಿಯನ್ನು ನಕ್ಷೆಯಲ್ಲಿ ಹಿಡಿಯಬೇಕು ಅಂತ ನನಗೆ ತುಂಬಾ ಆಸೆಯಿತ್ತು.

ಮೊದಲು ತೆಗೆದುಕೊಂಡದ್ದು ನಾಸಾದ ಆಕ್ವಾ ಉಪಗ್ರಹದಲ್ಲಿರುವ ಮೋಡಿಸ್ ಎಂಬ ಉಪಕರಣದ ಮಾಹಿತಿ. 2002ರಿಂದ ಇದೆ, ಸುಮಾರು 1 ಕಿ.ಮೀ. ವಿವರ ಕೊಡುತ್ತದೆ. ಆದರೆ ಅದು ನೋಡುವುದು ಇನ್‌ಫ್ರಾರೆಡ್‌ನಲ್ಲಿ, ಅಂದರೆ ನೀರು ಹೊರಸೂಸುವ ಶಾಖದ ಕಿರಣಗಳಲ್ಲಿ. ಮೋಡ ಅಡ್ಡ ಬಂದರೆ ಮುಗೀತು. ಜುಲೈ ತಿಂಗಳ ಫೈಲು ತೆರೆದರೆ ಬರೀ ಖಾಲಿ.

ಹಾಗಾಗಿ ಎಂಯುಆರ್ ಎಂಬ ದಿನವಹಿ ಮಾಹಿತಿಗೆ ಹೋದೆ. ಹಲವು ಉಪಗ್ರಹಗಳ ಅಳತೆ ಸೇರಿಸಿ ಮಾಡಿದ್ದು, ಎಲ್ಲೂ ತೂತಿಲ್ಲ. ಕೆಲ್ವಿನ್‌ನಿಂದ 273.15 ಕಳೆದು ಸೆಲ್ಸಿಯಸ್‌ಗೆ ತಂದು, ಬಣ್ಣ ಹಚ್ಚಿದೆ. ಒಂದು ಗಂಟೆಯಲ್ಲಿ ಚಂದದ ನಕ್ಷೆ ಸಿದ್ಧ.

ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದಿದ್ದವು. ಮಲ್ಪೆ ಬಂದರಿನಲ್ಲಿ ಪರಿಚಯದ ಹಿರಿಯರೊಬ್ಬರಿಗೆ ಫೋನಿನಲ್ಲಿ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಚಂದ ಉಂಟು. ಆದ್ರೆ ದಡದ ಹತ್ರ ನೀರು ಇಷ್ಟು ಬೆಚ್ಚಗೆ ಇಲ್ಲ ಮಾರಾಯ. ಬಲೆ ಎಳೆಯುವಾಗ ಕೈ ಕೊರೆಯುತ್ತದೆ" ಅಂದರು.

ಮನೆಗೆ ಬಂದು ಅದೇ ಫೈಲಿನಲ್ಲಿರುವ ಅಂದಾಜಿನ ದೋಷದ ಪದರವನ್ನು, ಅಂದರೆ ಎಲ್ಲೆಲ್ಲಿ ಬೆಲೆ ಎಷ್ಟು ತಪ್ಪಿರಬಹುದು ಎಂಬ ಲೆಕ್ಕವನ್ನು, ತೆರೆದೆ. ಮೊದಲೇ ನೋಡಬೇಕಿತ್ತು. ನನಗೆ ಬೇಕಾದ ಪಟ್ಟಿಯಲ್ಲೇ ದೋಷ ಜಾಸ್ತಿ. ಮೈಕ್ರೋವೇವ್ ಉಪಗ್ರಹಗಳು ಮೋಡದ ಮೂಲಕ ನೋಡುತ್ತವೆ ನಿಜ, ಆದರೆ ದಡದ ಹತ್ತಿರ ನೆಲದ ಸಂಕೇತ ಬೆರೆತು ಅಳತೆ ಕೆಡುತ್ತದೆ. ಅಂದರೆ ಮೋಡ ಕವಿದ ದಿನ ಆ ನೀರನ್ನು ಯಾವ ಉಪಗ್ರಹವೂ ನೋಡಿರಲಿಲ್ಲ. ಅಕ್ಕಪಕ್ಕದ, ಹಿಂದಿನ ದಿನಗಳ ಅಳತೆಯಿಂದ ತುಂಬಿಸಿದ್ದನ್ನೇ ನಾನು ಕಡಲು ಅಂತ ತೋರಿಸಿದ್ದೆ.

ಮತ್ತೆ ಮಾಡಿದೆ. ದೋಷ ಜಾಸ್ತಿ ಇರುವಲ್ಲಿ ಬೂದು ಬಣ್ಣ ಬಳಿದೆ. ಮೋಡಿಸ್‌ನ ರಾತ್ರಿಯ ಚಿತ್ರ ಮಾತ್ರ ಬಳಸಿದೆ. ಹಗಲಲ್ಲಿ ಗಾಳಿ ಕಡಿಮೆಯಾದರೆ ಬಿಸಿಲಿಗೆ ಮೇಲ್ಪದರ ಸುಮ್ನೆ ಕಾಯುತ್ತದೆ, ಅಲ್ವಾ? ಎಂಟೆಂಟು ರಾತ್ರಿ ಸೇರಿಸಿ ನಡುವಿನ ಬೆಲೆ ತೆಗೆದೆ. ಆಗಸ್ಟ್ ಕೊನೆಗೆ ಮೋಡ ಹರಿದಾಗ ತಂಪಿನ ಪಟ್ಟಿ ಕಂಡಿತು. ಆದರೆ ತೀರಾ ತೆಳುವಾಗಿ, ಕೈ ಕೊರೆಯುವಷ್ಟು ಅಲ್ಲ.

ಕೊನೆಗೆ ಅವರ ಬೋಟಿನಲ್ಲೇ ಹೋದೆ. ತಾನೇ ದಾಖಲಿಸುವ ಪುಟ್ಟ ಥರ್ಮಾಮೀಟರ್ ಅನ್ನು ಹಗ್ಗಕ್ಕೆ ಕಟ್ಟಿ, ಸೀಸದ ಗುಂಡು ಸೇರಿಸಿ ಇಳಿಸಿದೆವು. ಮೇಲೆ 27.8 ಡಿಗ್ರಿ. ಆರು ಮಾರು ಕೆಳಗೆ 23.6. ಹಗ್ಗ ಎಳೆದಾಗ ಅದರ ಕೆಳತುದಿ ಕೈಗೆ ತಣ್ಣಗೆ ತಾಗಿತು.

ಮಳೆಯ ಮತ್ತು ಹೊಳೆಗಳ ಸಿಹಿನೀರು ಹಗುರ. ಅದು ಮೇಲೆ ಮುಚ್ಚಳದ ಹಾಗೆ ಕೂತಿರುತ್ತದೆ, ತಣ್ಣೀರು ಅದರ ಕೆಳಗೆ. ಇನ್‌ಫ್ರಾರೆಡ್ ನೋಡುವುದು ಕೂದಲಿಗಿಂತ ತೆಳುವಾದ ಮೇಲ್ಪೊರೆಯನ್ನು. ಬಲೆ ಹೋಗುವುದು ಆಳಕ್ಕೆ.

ಈಗ ಪ್ರತಿ ನಕ್ಷೆಯ ಮೂಲೆಯಲ್ಲೂ ಎಷ್ಟು ರಾತ್ರಿಯ ನಿಜವಾದ ಅಳತೆ ಸೇರಿದೆ ಅಂತ ಬರೆಯುತ್ತೇನೆ. ಹಗ್ಗ, ಥರ್ಮಾಮೀಟರ್ ಅವರ ಬೋಟಿನಲ್ಲೇ ಇವೆ. ಬಲೆ ಬಿಡುವ ಮುಂಚೆ ಒಮ್ಮೆ ಇಳಿಸುತ್ತಾರೆ.