ಕೊಡಗಿನ ಕಲ್ಲುಗಳ ಹೆಸರು ಪಟ್ಟಿ ಮಾಡಿದ್ದು ಹೀಗೆ

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ, ಕೊಡಗಿನ ಶಿಲೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹೆಸರುಗಳ ರಾಶಿಯೇ ಇತ್ತು. ಒಂದೊಂದನ್ನೂ ಹೊಸ ಸಾಲಾಗಿ ಬರೆದಿಡಲು ಶುರು ಮಾಡಿದೆ.

ಮೊದಲು ಮಾಡಿದ ಕೆಲಸ ಎಂದರೆ, ಶಿಲೆಯ ಜಾತಿಯ ಹೆಸರನ್ನೂ ಶಿಲಾ ಘಟಕದ (ನಕ್ಷೆಯಲ್ಲಿ ಒಂದಾಗಿ ಗುರುತಿಸುವ ಕಲ್ಲುಗಳ ಗುಂಪಿನ) ಹೆಸರನ್ನೂ ಬೇರೆ ಮಾಡಿದ್ದು. ಚಾರ್ನೊಕೈಟ್ ಒಂದು ಜಾತಿ. ಕೊಡಗಿನಲ್ಲಿ ಇದು ಜಾಸ್ತಿ. ಆದರೆ ಹೆಸರು ಬಂದಿದ್ದು ಕೋಲ್ಕತ್ತದಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್ ಗೋರಿಯ ಕಲ್ಲಿನಿಂದ. ಅದಕ್ಕೆ ಆ ಹೆಸರಿಟ್ಟವರು ಭೂವಿಜ್ಞಾನಿ ಥಾಮಸ್ ಹಾಲೆಂಡ್. ಸರಗೂರು ಗ್ರೂಪ್ ಹಾಗಲ್ಲ. ಮೈಸೂರು ಜಿಲ್ಲೆಯ ಒಂದು ಊರಿನ ಹೆಸರು, ಜೊತೆಗೆ ಘಟಕದ ದರ್ಜೆ, ಅಂದರೆ ‘ಗ್ರೂಪ್’. ಅದು ಘಟಕ. 1916ರಲ್ಲಿ ಭೂವಿಜ್ಞಾನಿ ಸ್ಮೀತ್ ಕೊಟ್ಟ ‘ಪೆನಿನ್ಸುಲರ್ ನೈಸ್’ (ನೈಸ್ ಎಂದರೆ ಪಟ್ಟೆಪಟ್ಟೆಯ ಕಲ್ಲು) ಊರು-ದರ್ಜೆಯ ಈ ಅಚ್ಚಿಗೆ ಕೂರುವುದಿಲ್ಲ. ಆದರೂ ಅವರು ಬರೆದಂತೆಯೇ ಇಟ್ಟೆ. ಪಟ್ಟಿ ಮಾಡುವವರು ಹೆಸರು ತಿದ್ದಬಾರದು, ಅಲ್ವಾ?

ಹೆಚ್ಚು ಹೊತ್ತು ಹಿಡಿದಿದ್ದು ಮಡಿಕೇರಿಯ (ಇಂಗ್ಲಿಷರ ಕಾಲದ ‘ಮರ್ಕೆರಾ’) ಹೆಸರು. ಮರ್ಕೆರಾ ಶಿಯರ್ ಝೋನ್, ಮಡಿಕೇರಿ ಶಿಯರ್ ಝೋನ್, ಮರ್ಕೆರಾ ಸೂಚರ್ ಝೋನ್. ಮೂರೂ ಒಂದೇ ಉದ್ದನೆಯ ನೆಲದ ಪಟ್ಟೆಗೆ ಇಟ್ಟ ಹೆಸರುಗಳು. ಅದರ ಒಂದು ಕಡೆ ಕೂರ್ಗ್ ಬ್ಲಾಕ್, ಇನ್ನೊಂದು ಕಡೆ ಪಶ್ಚಿಮ ಧಾರವಾಡ ಕ್ರೇಟಾನ್ (ಕ್ರೇಟಾನ್ ಎಂದರೆ ಭೂಖಂಡದ ಹಳೆಯ, ಗಟ್ಟಿ ತುಂಡು). ಮೊದಲ ಎರಡನ್ನು ಸೇರಿಸಿದೆ, ಅಲ್ಲಿ ಬದಲಾಗಿದ್ದು ಊರಿನ ಹೆಸರಷ್ಟೆ. ಮೂರನೆಯದನ್ನು ಸೇರಿಸಲಿಲ್ಲ. ಶಿಯರ್ ಎಂದರೆ ಕಲ್ಲು ಒತ್ತಿಕೊಂಡು ಜಾರಿದೆ ಎಂದಷ್ಟೇ. ಸೂಚರ್ ಎಂದವರು ಎರಡು ಹಳೆಯ ಭೂಖಂಡಗಳು ಇಲ್ಲಿ ಬೆಸೆದವು ಎನ್ನುತ್ತಾರೆ. ಅದು ದೊಡ್ಡ ಮಾತು. ಅದಕ್ಕೆ ಬೇರೆ ಸಾಲು, ಪಕ್ಕದಲ್ಲಿ ಹೇಳಿದವರ ಹೆಸರು ಮತ್ತು ವರ್ಷ. ಇವು ಯಾವುವೂ ಶಿಲಾ ಘಟಕಗಳಲ್ಲ, ಭೂರಚನೆಗಳು. ಹಾಗಾಗಿ ಎಲ್ಲವನ್ನೂ ಇನ್ನೊಂದು ಹಾಳೆಗೆ ಹಾಕಿದೆ.

ಓದಿದ್ದರ ಪಕ್ಕದಲ್ಲೇ ಕಂಡಿದ್ದಕ್ಕೂ ಒಂದು ಕಾಲಂ ಇದೆ. ಮಳೆಗಾಲದಲ್ಲಿ ಸುತ್ತಾಡಿ ಪ್ರಯೋಜನವಿಲ್ಲ, ರಸ್ತೆ ಬದಿಯ ಕಡಿತದ ಮೇಲೆಲ್ಲ ಪಾಚಿ, ಜರಿಗಿಡ. ಜನವರಿ ನಂತರ ಹೋಗುತ್ತೇನೆ. ಕಲ್ಲಿನ ಹೊರಮೈ ನಂಬಬೇಡಿ. ಹೊಸದಾಗಿ ಒಡೆದ ಚಾರ್ನೊಕೈಟ್ ಎಣ್ಣೆ ಸವರಿದಂತೆ ಹಸಿರು ಮಿಶ್ರಿತ ಬೂದು ಬಣ್ಣಕ್ಕಿರುತ್ತದೆ, ಗಾಳಿಮಳೆಗೆ ಸಿಕ್ಕಿದ್ದು ಕಂದಾಗಿರುತ್ತದೆ. ಒಡೆದ ಮೈಯ ಫೋಟೊ, ಜಿಪಿಎಸ್ ಜಾಗ, ಊರಿನವರು ಕರೆಯುವ ಹೆಸರು, ಮೂರೂ ಬರೆಯುತ್ತೇನೆ. ‘ಕರಿಕಲ್ಲು’ ಎಂದರೆ ಚಾರ್ನೊಕೈಟ್ ಇರಬಹುದು, ಡೊಲರೈಟ್ ಎಂಬ ಇನ್ನೊಂದು ಕಪ್ಪು ಕಲ್ಲು ಕೂಡ ಇರಬಹುದು. ಅದಕ್ಕೇ ಊರಿನ ಹೆಸರನ್ನು ನೋಡಿ ಘಟಕದ ಹೆಸರು ತುಂಬುವುದಿಲ್ಲ.

ಬಳಕೆ ತಪ್ಪಿದ ಹೆಸರನ್ನೂ ಅಳಿಸುವುದಿಲ್ಲ. ಹಳೆಯ ಭೂವಿಜ್ಞಾನಿ ಬ್ರೂಸ್ ಫೂಟ್ ಕಾಲದ ‘ಧಾರವಾಡ ಸಿಸ್ಟಮ್’ ಮುಂದೆ ‘ಈಗ ಧಾರವಾಡ ಸೂಪರ್‌ಗ್ರೂಪ್ ನೋಡಿ’ ಎಂದು ಬರೆದಿದ್ದೇನೆ. ಹಳೆಯ ವರದಿ ತೆರೆದವರಿಗೆ ಸಿಗುವುದು ಆ ಹಳೆಯ ಹೆಸರೇ.