ಡ್ರೋನ್ ಫ್ರೇಮಿನ ಬಿರುಕು: ಹುಡುಕುವುದು, ತಡೆಯುವುದು ಹೇಗೆ?

ಡ್ರೋನ್ ಬಿದ್ದರೆ ಹುಡುಗರು ಮೊದಲು ನೋಡುವುದು ಪ್ರೊಪೆಲ್ಲರ್. ಮುರಿದಿದ್ದರೆ ಬದಲಿಸಿ, ಮತ್ತೆ ಹಾರಿಸುತ್ತಾರೆ. ಕೊಪ್ಪಳ, ಬಳ್ಳಾರಿ ಕಡೆ ಎಲ್ಲಿ ಹೋದರೂ ಬಂಡೆಗಲ್ಲೇ. ಏಟು ಜೋರಾಗಿಯೇ ಬೀಳುತ್ತದೆ, ನಿಜ. ಆದರೆ ಮೋಟರ್, ಬೋರ್ಡ್ ಎಲ್ಲವನ್ನೂ ಹೊತ್ತ ಫ್ರೇಮಿನಲ್ಲಿ ನಾನು ನೋಡಿದ ಬಿರುಕುಗಳಲ್ಲಿ ಜಾಸ್ತಿ ಶುರುವಾಗಿದ್ದು ಸ್ಕ್ರೂ ತೂತಿನ ಅಂಚಿನಲ್ಲಿ. ಬೀಳುವ ಮೊದಲೇ, ಅಲೆನ್ ಕೀ ಹಿಡಿದು ಬಿಗಿ ಮಾಡುವಾಗಲೇ.

ಬ್ಯಾಟರಿ ತೆಗೆಯಿರಿ, ಪ್ರೊಪೆಲ್ಲರ್ ಬಿಚ್ಚಿ, ಮೆತ್ತನೆಯ ಬ್ರಷ್‌ನಿಂದ ದೂಳು ತೆಗೆಯಿರಿ. ಪ್ಲಾಸ್ಟಿಕ್ ಫ್ರೇಮಿಗೆ ಪೆಟ್ರೋಲ್, ಥಿನ್ನರ್ ಮುಟ್ಟಿಸಲೇಬೇಡಿ. ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು.

ಮುಂದಿನ ಹಂತದಲ್ಲೇ ಎಲ್ಲರೂ ಎಡವುವುದು. ಮೋಟರ್ ಬಿಚ್ಚದೆ ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ, ಬಿರುಕು ಅದರ ಅಡಿಯಲ್ಲೇ ಅಡಗಿರುತ್ತದೆ. ನಾಲ್ಕೂ ಮೋಟರ್ ಬಿಚ್ಚಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ತೂತಿನ ಸುತ್ತ, ಆರ್ಮ್ (ಮೋಟರ್ ಕೂರುವ ತೋಳು) ಫ್ರೇಮಿನ ನಡುವಿನ ಪ್ಲೇಟಿಗೆ ಸೇರುವ ಕಡೆ ನಿಧಾನವಾಗಿ ನೋಡಿ. ಕೂದಲೆಳೆಯಂಥ ಗೆರೆ ಕಂಡರೆ ಆರ್ಮನ್ನು ಸ್ವಲ್ಪವೇ ಬಗ್ಗಿಸಿ. ಗೀರಾದರೆ ಹಾಗೇ ಇರುತ್ತದೆ, ಬಿರುಕಾದರೆ ಬಾಯಿ ಬಿಡುತ್ತದೆ. ಪ್ಲಾಸ್ಟಿಕ್ ಬೆಳ್ಳಗಾಗಿದ್ದರೆ ಅಲ್ಲಿ ಒತ್ತಡ ಕೂತಿದೆ ಅಂತಲೇ ಲೆಕ್ಕ.

ಕಾರ್ಬನ್ ಫೈಬರ್ ಆದರೆ ಅಂಚಿನ ಮೇಲೆ ಬೆರಳು ಸವರಬೇಡಿ, ಸಿಬರು ಚುಚ್ಚುತ್ತದೆ. ರಾಯಚೂರಿನವರಿಗೆ ಹತ್ತಿಗೇನು ಕೊರತೆ? ಅಂಚಿನ ಮೇಲೆ ಒಂದು ಚೂರು ಹತ್ತಿ ಎಳೆಯಿರಿ. ಎಳೆ ಸಿಕ್ಕಿಕೊಂಡ ಜಾಗ ಒಡೆದಿರಬಹುದು. ನಾಣ್ಯದಿಂದ ತಟ್ಟಿದಾಗ ಉಳಿದೆಡೆ ಟಣ್ ಅಂದು ಒಂದೇ ಕಡೆ ಮಂಕು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ.

ಜೋಡಿಸುವಾಗ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ತಿರುಗಿಸಿ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ. ಸ್ಕ್ರೂ ತಲೆಯ ಕೆಳಗೆ ವಾಷರ್ ಇರಲಿ. ಮೋಟರ್ ಸ್ಕ್ರೂ ಉದ್ದವಾಗಿ ಒಳಗಿನ ತಂತಿ ಸುರುಳಿಗೆ ತಾಗಬಾರದು.

ಸ್ಕ್ರೂ ಸಡಿಲಾಗದಂತೆ ಹಚ್ಚುವ ತ್ರೆಡ್ ಲಾಕರ್ ಬಗ್ಗೆ ಒತ್ತಿ ಹೇಳಲೇಬೇಕು. ಅದು ಲೋಹಕ್ಕೆ ಲೋಹ ಸೇರುವಲ್ಲಿಗೆ ಮಾತ್ರ. ನೀಲಿಯದು ತನ್ನಿ, ಕೆಂಪು ಬೇಡ, ಬಿಚ್ಚಲು ಕಷ್ಟ. ಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ ಸಾಕು. ಪಾಲಿಕಾರ್ಬೊನೇಟ್, ಎಬಿಎಸ್ ಪ್ಲಾಸ್ಟಿಕ್ಕಿಗೆ ತಾಗಿದರೆ ಅದು ಆ ಜಾಗವನ್ನೇ ತಿನ್ನುತ್ತದೆ. ಏಟೇ ಬೀಳದೆ ಫ್ರೇಮ್ ಸೀಳುವುದು ಹೀಗೆ. ಅಂಥ ಕಡೆ ನೈಲಾನ್ ಒಳಬಳೆಯ ಲಾಕ್ ನಟ್ ಹಾಕಿ.

ಕಾರ್ಬನ್ ಅಂತ ಅಗ್ಗಕ್ಕೆ ಮಾರುವ ಕೆಲವು ಫ್ರೇಮ್‌ಗಳಲ್ಲಿ ಮೇಲಿನ ಪದರ ಮಾತ್ರ ಕಾರ್ಬನ್, ಒಳಗೆ ಗ್ಲಾಸ್ ಫೈಬರ್. ಅಂಚು ನೋಡಿ, ನಡುವೆ ಬಿಳಿ ಅಥವಾ ಹಳದಿ ಪದರ ಕಂಡರೆ ವಾಪಸ್ ಕೊಡಿ. ಒರಟು ಅಂಚನ್ನು ನೀರು ಹಾಕಿ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಉಜ್ಜುವಾಗ ಉದುರುವ ಕಾರ್ಬನ್ ಪುಡಿಯಲ್ಲಿ ಕರೆಂಟ್ ಹರಿಯುತ್ತದೆ. ಸರ್ಕ್ಯೂಟ್ ಬೋರ್ಡ್ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಅಲ್ವಾ? ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇನ್ನೂ ಜಾಸ್ತಿ. 3ಡಿ ಪ್ರಿಂಟ್ ಮಾಡಿದ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ಭಾಗಗಳು ಸುಮಾರು 60 ಡಿಗ್ರಿಗೇ ಮೆತ್ತಗಾಗಿ ಸೊಟ್ಟಗಾಗುತ್ತವೆ. ಅದಕ್ಕಿಂತ ಬಿಸಿ ತಡೆಯುವ ಪಿಇಟಿಜಿ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿ.

ಬಿರುಕು ಖಚಿತವಾದರೆ ಸೂಪರ್ ಗ್ಲೂ ಹಾಕಿ ಸುಮ್ನೆ ಸಮಾಧಾನ ಮಾಡಿಕೊಳ್ಳಬೇಡಿ, ಆರ್ಮ್ ಬದಲಿಸಿ. ಗೀರೋ ಬಿರುಕೋ ಗೊತ್ತಾಗದಿದ್ದರೆ ಗೆರೆಯ ತುದಿಗೆ ಬಿಳಿ ಪೆನ್ನಿನಿಂದ ಗುರುತು ಹಾಕಿ, ಜನರಿಲ್ಲದ ಕಡೆ ಮೊಣಕಾಲೆತ್ತರದಲ್ಲಿ ಸ್ವಲ್ಪ ಹೊತ್ತು ಹಾರಿಸಿ. ಗೆರೆ ಗುರುತು ದಾಟಿದ್ದರೆ ಆ ಆರ್ಮನ್ನು ಅವತ್ತೇ ಬಿಚ್ಚಿಡಿ.